ಅಪ್ಪನ ಅಂಗಿಯ ಬಣ್ಣ

“ಇದು ಯಾರಪ್ಪನ ಅಂಗಿ?”

ಫೋಟೋ ಪ್ರಿಂಟ್ ಹಾಕುವ ಅಂಗಡಿಯ ಸಾಲಿನಲ್ಲಿ ನನ್ನ ಮುಂದಿದ್ದವನು ಯಾರನ್ನೂ ನೋಡದೆ ಕೇಳಿದ. ಒಂದು ಕೈಯಲ್ಲಿ ಮೊಬೈಲು, ಇನ್ನೊಂದರಲ್ಲಿ ಆಗಷ್ಟೇ ಬಂದ ದೊಡ್ಡ ಪ್ರಿಂಟು. ನಾನು ಮನಸ್ಸಿನಲ್ಲೇ ಹೇಳಿಕೊಳ್ಳುತ್ತಿದ್ದ ಪದ್ಯ ಅರ್ಧಕ್ಕೇ ನಿಂತಿತು.

“ನಮ್ಮಪ್ಪಂದೇ. ಕೂಗಾಡಬೇಡ,” ಎಂದಳು ಅವನ ಅಕ್ಕ.

“ಮೊಬೈಲಲ್ಲಿ ನೋಡು, ನವಿಲಿನ ಕತ್ತಿನ ಹಾಗಿದೆ. ಇವರು ನೆಲ ಒರೆಸೋ ಬಟ್ಟೆ ಮಾಡಿಟ್ಟಿದ್ದಾರೆ!”

“ಮೊಬೈಲಿಗೆ ಒಳಗಿಂದ ಬೆಳಕಿರುತ್ತೆ ಸಾರ್. ಕಾಗದಕ್ಕೆ ನಾನೆಲ್ಲಿಂದ ತರಲಿ?” ಎಂದ ಅಂಗಡಿಯವನು.

“ನಿಮ್ಮ ಪುರಾಣ ಬೇಡ, ಇನ್ನೊಂದು ತೆಗೀರಿ. ತಪ್ಪಾಯ್ತು ಅಂದ್ರೆ ನಮ್ಮಪ್ಪ ಎದ್ದು ಬಂದು ಮತ್ತೆ ಫೋಟೋ ತೆಗೆಸ್ಕೊಳ್ತಾರಾ?”

“ಇದು ಮೂರನೇದು ಸಾರ್.”

ಅಕ್ಕ ಚೀಲದಿಂದ ಮಡಿಸಿದ ಅಂಗಿಯೊಂದನ್ನು ತೆಗೆದು ಪ್ರಿಂಟಿನ ಪಕ್ಕದಲ್ಲಿ ಹಾಸಿದಳು. ಕಾಲರು ಸವೆದುಹೋಗಿತ್ತು. ಎರಡರ ಬಣ್ಣವೂ ಒಂದೇ.

“ಸುಳ್ಳು ಹೇಳಿದ್ದು ನಿನ್ನ ಮೊಬೈಲು. ಈ ಅಂಗಿನ ಐದು ವರ್ಷ ಒಗೆದವಳು ನಾನು. ನೀನು ಯಾವತ್ತು ನೋಡಿದ್ದೀಯ?”

“ವಾರಕ್ಕೊಂದ್ಸಲ ವಿಡಿಯೋ ಕಾಲ್ ಮಾಡ್ತಿರಲಿಲ್ವಾ?”

“ಮಾಡ್ತಿದ್ದೆ ಮಹಾರಾಯ! ಎರಡು ಬಸ್ ಸ್ಟಾಪ್ ಆಚೆ ಇದ್ದುಕೊಂಡು ವಿಡಿಯೋ ಕಾಲು! ನೀನು ಬಂದು ಬಾಗಿಲು ತಟ್ಟಿದರೆ ಸಾಕು ಅಂತ ಅಪ್ಪ ಬಾಗಿಲ ಕಡೆ ತಿರುಗಿಯೇ ಕೂರ್ತಿದ್ರು.”

ಅಂಗಡಿಯವನು ಕೀಬೋರ್ಡಿನ ಧೂಳು ಒರೆಸತೊಡಗಿದ. ಅವಳ ತಮ್ಮ ಆ ಹಳೇ ಅಂಗಿಯ ತೋಳನ್ನು ಎರಡು ಬೆರಳಲ್ಲಿ ಮುಟ್ಟಿದ. ಅವಳು ಅದನ್ನೆಳೆದು ಮಡಿಸಿ ಚೀಲಕ್ಕೆ ಹಾಕಿಕೊಂಡಳು, ಪ್ರಿಂಟನ್ನು ಅವನ ಕಡೆಗೆ ತಳ್ಳಿದಳು.

“ಅಕ್ಕಾ, ಅಂಗಿ ನಾನಿಟ್ಕೊಳ್ತೀನಿ, ಕೊಡೇ.”

ಅವಳಾಗಲೇ ಮೆಟ್ಟಿಲಿಳಿಯುತ್ತಿದ್ದಳು.

“ಕೊಡಲ್ಲ.”