ಪೊಂಗಲ್ ಸುಣ್ಣ

ಸಿಂಗಾನಲ್ಲೂರು ಬಸ್ ನಿಲ್ದಾಣದ ಸಾಲಿನಲ್ಲಿ ಕಬ್ಬಿನ ಜಲ್ಲೆ ಹಿಡಿದು ಮುಂದೆ ನಿಂತಿದ್ದ ಇಬ್ಬರು ಹೆಂಗಸರು ಕನ್ನಡದಲ್ಲಿ ಮಾತಾಡಿಕೊಳ್ಳುತ್ತಿದ್ದರು. ಸುತ್ತಲಿನ ತಮಿಳರಿಗೆ ಯಾರಿಗೂ ತಿಳಿಯದೆಂಬ ಧೈರ್ಯ ಅವರಿಗೆ. ಹಿಂದಿದ್ದ ಶಾರದಳಿಗೆ ಅದು ಮನೆಮಾತು. ಕೇಳಬಾರದು ಅಂದುಕೊಂಡೂ ಕಿವಿಗೊಟ್ಟಳು.

“ರೋಡ್ ಕಡೆ ಗೋಡೆಗೂ ಸುಣ್ಣ ಹೊಡ್ದ್ಯಾ, ಚಿನ್ನತಾಯಿ? ಪಾರ್ಟಿಯೋರು ಅದರ ಮೇಲೆ ಚಿಹ್ನೆ ಬರ್ದಿದ್ರಲ್ಲೇ!”

“ಪೊಂಗಲ್ ಬಂತಲ್ಲಕ್ಕಾ. ವರ್ಷಾವರ್ಷ ಹೊಡೀತೀನಿ.”

“ಓಟು ಮುಗಿಯೋ ತನಕ ತಡೀಬಾರ್ದಿತ್ತಾ?”

“ಮನೆಯೋರನ್ನ ಕೇಳ್ದೆ ಬರೀಬಾರ್ದು ಅಂತ ಸರ್ಕಾರದ ಜೀಪಲ್ಲೇ ಕೂಗ್ಕೊಂಡು ಹೋದ್ರಲ್ಲ. ಅವರು ಬರೆಯೋವಾಗ ನನ್ನ ಮಗ ದೇವರಾಜನೂ ಅದನ್ನೇ ಹೇಳ್ದ.”

“ಅವರ ಮುಖಕ್ಕೇ ಹೇಳಿದ್ನಾ? ಹಾಗಾದ್ರೆ ಅವನೇ ಅಳಿಸ್ದ ಅಂದ್ಕೋತಾರೆ ಕಣೇ.”

“ಬೆಳಿಗ್ಗೆ ಅವರಲ್ಲೇ ಇಬ್ರು ಬಂದಿದ್ರು. ಬೈಲಿಲ್ಲಕ್ಕಾ. ನೀರು ಕೇಳಿ ಕುಡಿದ್ರು. ಗೋಡೆ ಒಳ್ಳೆ ಬೆಳ್ಳಗಿದೆ ಅಮ್ಮಾ ಅಂದ್ರು.”

“ಬೇರೇನು ಕೇಳಿದ್ರು?”

“ದೇವರಾಜ್ ತಂಬಿ ಯಾವ ಶಿಫ್ಟು, ಮಿಲ್ಲಿಂದ ಯಾವ ದಾರೀಲಿ ಬರ್ತಾರೆ ಅಂತ.”

“ಹೇಳ್ಬಿಟ್ಯಾ?”

“ಅಷ್ಟು ಮರ್ಯಾದೆಯಾಗಿ ಕೇಳಿದ್ರಲ್ಲ! ಹಗಲು ಶಿಫ್ಟು, ಕೆರೆ ಏರಿ ಮೇಲೆ ಸೈಕಲ್ಲಲ್ಲಿ ಒಬ್ಬನೇ ಬರ್ತಾನೆ ಅಂದೆ.”

ತಿರುಪ್ಪೂರು ಬಸ್ಸು ಬಂದು ನಿಂತಿತು. ಹಿರಿಯವಳು ಚಿನ್ನತಾಯಿಯ ಕೈ ಹಿಡಿದು ಸಾಲಿನಿಂದ ಆಚೆಗೆ ಎಳೆದಳು.

“ನಿನ್ನ ಮಗಳಿಗೆ ಹಬ್ಬದ ಕಬ್ಬು ನಾಳೆ ಕೊಟ್ಟರಾಯ್ತು. ನಡಿ, ಮಿಲ್ ಗೇಟಿಗೆ.”

“ಯಾಕಕ್ಕಾ? ಅವರು ಸಿಟ್ಟಾಗ್ಲೇ ಇಲ್ಲ.”

“ಅದಕ್ಕೇ ನಡಿ ಅಂದಿದ್ದು.”

ಕಬ್ಬಿನ ಜಲ್ಲೆಗಳನ್ನು ಶಾರದಳ ಕಾಲ ಬಳಿಯೇ ಬಿಟ್ಟು ಇಬ್ಬರೂ ಓಡಿದರು. ಅವರಿನ್ನೂ ರಸ್ತೆ ದಾಟಿರಲಿಲ್ಲ, ಹಗಲು ಶಿಫ್ಟು ಬಿಡುವ ಸೈರನ್ ಕೂಗಿತು.