ಬೆನ್ನು ತಿರುಗಿಸಿದ ಗಿರಾಕಿಗಳು

ಬಟ್ಟೆ ಅಂಗಡಿ ಯಜಮಾನರ ಕೋಣೆಯ ಹೊರಗೆ ಬೆಂಚಿನ ಮೇಲೆ ದರ್ಜಿ ತನ್ನ ಸರದಿಗಾಗಿ ಕಾದು ಕೂತಿದ್ದ. ಪಕ್ಕದಲ್ಲಿ ಗಂಡ ಹೆಂಡತಿ. ಯಜಮಾನರು ಕಟ್ಟಿಸಲಿರುವ ಹೊಸ ಅಂಗಡಿಗೆ ಇಬ್ಬರೂ ಸೇರಿ ಮಾಡಿದ ಪುಟ್ಟ ಮಾದರಿ ಗಂಡನ ತೊಡೆಯ ಮೇಲಿತ್ತು. ಹೆಬ್ಬೆರಳಿನಷ್ಟು ಎತ್ತರದ ಗೊಂಬೆ ಗಿರಾಕಿಗಳು ಅದರ ಬಾಗಿಲಿನತ್ತ ಹೊರಟಿದ್ದರು. ದೀಪ ಹತ್ತುತ್ತದೆಯೇ ನೋಡೋಣವೆಂದು ಗಂಡ ಸ್ವಿಚ್ ಒತ್ತಿದ. ಹೆಂಡತಿಯ ಮುಖ ಸಪ್ಪಗಾಯಿತು.

“ರೀ, ದೀಪ ಎಡಗಡೆ ಯಾಕೆ ಇಟ್ರಿ?”

“ಅಲ್ಲೇ ಜಾಗ ಇತ್ತು ಕಣೇ.”

“ನಾನು ಎಲ್ಲರ ಬಲಗೆನ್ನೆಗೆ ಬೆಳಕಿನ ಬಣ್ಣ, ಎಡಗೆನ್ನೆಗೆ ನೆರಳಿನ ಬಣ್ಣ ಬಳಿದಿದ್ದೀನಿ. ಈಗ ನೋಡಿ, ದೀಪದ ಎದುರಿಗೇ ಮಸಿ ಮೆತ್ತಿಕೊಂಡು ನಿಂತ ಹಾಗಿದ್ದಾರೆ.”

“ಯಜಮಾನರಿಗೆ ಗೊತ್ತಾಗುತ್ತಾ?”

“ಹೋದ ಸಲ ಒಬ್ಬಳ ಗಲ್ಲದ ಕೆಳಗೆ ನೆರಳಿಲ್ಲ ಅಂತ ವಾಪಸ್ ಕಳಿಸಿದ ಮನುಷ್ಯ. ಈ ಸಲವೂ ಒಪ್ಪದಿದ್ರೆ ಕೆಲಸ ಬೇರೆಯವರಿಗಂತೆ. ದೀಪ ಆ ಕಡೆ ಇಡಿ.”

“ಅಂಟಿಸಿಬಿಟ್ಟಿದ್ದೀನಲ್ಲೇ.”

“ಮನೇಲಿ ಕುರ್ಚಿ ಕಾಲು ಅಂಟಿಸಿ ಅಂತ ವರ್ಷದಿಂದ ಬಡ್ಕೊಂಡೆ. ಅದು ಬಿಟ್ಟು ಇದನ್ನ ಅಂಟಿಸಿದ್ರಿ.”

“ಜನರನ್ನೇ ತಿರುಗಿಸೋಣ ಬಿಡು. ಗುಂಡುಸೂಜಿ ಮೇಲೆ ತಾನೇ ನಿಂತಿರೋದು.”

ಇಬ್ಬರೂ ಒಬ್ಬೊಬ್ಬರನ್ನೇ ಹಿಡಿದು ಹಿಂದುಮುಂದಾಗಿ ತಿರುಗಿಸಿದರು. ಬೆಳಕು ಬಲಗೆನ್ನೆಗಳ ಮೇಲೆ ಹದವಾಗಿ ಕೂತಿತು. ದರ್ಜಿ ಕತ್ತು ಉದ್ದ ಮಾಡಿದ.

“ಅಯ್ಯೋ ರೀ, ಎಲ್ಲರೂ ಅಂಗಡಿ ಬಿಟ್ಟೇ ಹೊರಟ್ರಲ್ಲ.”

“ವ್ಯಾಪಾರ ಮುಗಿಸಿ ಹೊರಟ್ರು ಅನ್ನೋಣ.”

“ಬರಿಗೈಲಿ?”

ಒಳಗಿನಿಂದ ಕರೆ ಬಂತು. ಗಂಡ ಮಾದರಿಯನ್ನು ಎತ್ತಿಕೊಂಡು ಎದ್ದ.

“ಈಗೇನೇ ಹೇಳೋದು?”

ಹೆಂಡತಿ ಬಾಗಿಲು ತಳ್ಳಿ ಹಿಡಿದಳು.

“ಸಾಮಾನು ಮನೆಗೇ ತಲುಪಿಸೋ ಅಂಗಡಿ ಅಂತ ನಾನು ಹೇಳ್ತೀನಿ. ನೀವು ಬಾಯಿ ಬಿಡಬೇಡಿ.”