ಕಣ್ಣು ಮುಚ್ಚಿ ಮಾಡಿದ ಪ್ರಾರ್ಥನೆ

ಮಡಿಲಲ್ಲಿ ಹೊಲಿಗೆ ಬಟ್ಟೆಯ ಗಂಟು ಇಟ್ಟುಕೊಂಡು ಬಸ್ಸಿನಲ್ಲಿ ತೂಕಡಿಸುತ್ತಿದ್ದ ಟೈಲರಮ್ಮನ ಕಿವಿ ನೆಟ್ಟಗಾಯಿತು. ಮುಂದಿನ ಸೀಟಿನಲ್ಲಿ ಪಾದ್ರಿ ಮತ್ತು ಅವರ ಹೆಂಡತಿ.

"ಪ್ರಾರ್ಥನೇಲಿ ನಾನು ಅವಳ ಹೆಸರೇ ಎತ್ತಲಿಲ್ಲ ಕಣೇ. ‘ಕೀಬೋರ್ಡ್ ನುಡಿಸುವ ಸಹೋದರಿಯ ಮುರಿದ ಮನೆಯನ್ನು ಕಟ್ಟು, ಕರ್ತನೇ’ ಅಂದೆ, ಅಷ್ಟೇ."

"ನಮ್ಮ ಸಭೇಲಿ ಕೀಬೋರ್ಡ್ ನುಡಿಸೋರು ಎಷ್ಟು ಜನ ಇದಾರೆ ರೀ?"

ಪಾದ್ರಿ ಕೆಮ್ಮಿದರು.

"ಅವಳಿಗೋಸ್ಕರ ಬೇಡ್ಕೊಂಡಿದ್ದೂ ತಪ್ಪಾ?"

"ಗಂಡ ಬಿಟ್ಟುಹೋದ ಅಂತ ನಿಮ್ಮೊಬ್ಬರ ಹತ್ರ ಅತ್ತುಕೊಂಡ್ಲು. ನೀವು ಮೈಕಲ್ಲಿ ಡಂಗುರ ಹೊಡೆದ್ರಿ."

"ಅವಳೇನೂ ಅನ್ನಲಿಲ್ಲವಲ್ಲ!"

"ನೀವು ಕಣ್ಣು ಮುಚ್ಚಿದ್ರಿ. ನಾನು ನೋಡ್ದೆ. ಅವಳ ಕೈ ಹಾಗೇ ಮರಗಟ್ಟಿಹೋಯ್ತು. ಮುಂದಿನ ಹಾಡನ್ನ ಜನ ಬರೀ ಬಾಯಲ್ಲೇ ಹಾಡಿದ್ರು. ಆಮೇಲೆ ಮೂರು ಭಾನುವಾರದಿಂದ ಅವಳ ಸುಳಿವೇ ಇಲ್ಲ."

"ಈಗ ನಾವು ಮನೆಗೆ ಹೋದ್ರೆ ಬಾಗಿಲು ತೆಗೀತಾಳೆ ಅಂತೀಯಾ?"

"ಗೊತ್ತಿಲ್ಲ."

ಬಸ್ಸು ನಿಂತಿತು. ಪಾದ್ರಿ ಬೈಬಲನ್ನು ಕಂಕುಳಿಗೆ ಸಿಕ್ಕಿಸಿಕೊಂಡು ಎದ್ದರು. "ಹೋದ ತಕ್ಷಣ ಒಂದು ಚಿಕ್ಕ ಪ್ರಾರ್ಥನೆ ಮಾಡಿಬಿಡ್ತೀನಿ. ಮಾತಾಡೋಕೆ ಸಲೀಸಾಗುತ್ತೆ."

"ಬೇಡ ರೀ. ಮೊದಲು ಕಣ್ಣುಬಿಟ್ಟು ಅವಳ ಮುಖ ನೋಡಿ."

ಇಬ್ಬರೂ ಇಳಿದರು. ಟೈಲರಮ್ಮ ಕಿಟಕಿಯಿಂದ ಬಗ್ಗಿ ನೋಡಿದಳು. ಬೈಬಲು ಈಗ ಹೆಂಡತಿಯ ಚೀಲದಲ್ಲಿತ್ತು. ಪಾದ್ರಿ ಬರಿಗೈಯನ್ನು ಎಲ್ಲಿಡುವುದೆಂದು ತೋಚದೆ ಫುಟ್‌ಪಾತಿನಲ್ಲೇ ನಿಂತಿದ್ದರು.